ಶಾಲು ಹೊದ್ದ ಉಸ್ತುವಾರಿ

ರಾಯಚೂರಿನ ಬಿಸಿಲಿನಲ್ಲಿ ಮನುಷ್ಯರಿಗೆ ಶಾಲು ಹೊದಿಸುವುದು ಸನ್ಮಾನವೋ ಶಿಕ್ಷೆಯೋ ಎಂದು ನಾನಿನ್ನೂ ತೀರ್ಮಾನಿಸಿಲ್ಲ. ನಮ್ಮ ಮನೆಯ ಕಪಾಟಿನಲ್ಲಿ ಅಂಥ ಶಾಲುಗಳು ಒಂದರ ಮೇಲೊಂದು ಬಿದ್ದಿವೆ. ಹಾಡಿದ್ದಕ್ಕೆ ಬಂದವಲ್ಲ, ಬರೆದದ್ದಕ್ಕೆ ಬಂದವಲ್ಲ, ದಾನಧರ್ಮ ಮಾಡಿದ್ದಕ್ಕಂತೂ ಅಲ್ಲವೇ ಅಲ್ಲ. ನಾವು ಕೊಟ್ಟ ಚರಂಡಿ ಕರ ಎಲ್ಲಿ ಹೋಯಿತು ಎಂದು ಕೇಳಬೇಕಾದ ಸಮಿತಿಯಲ್ಲಿ ನಾನೊಬ್ಬ ಸದಸ್ಯೆ. ಕೇಳದೆ ಇದ್ದದ್ದಕ್ಕೆ ಬಂದ ಶಾಲುಗಳು ಎಂದರೆ ಇನ್ನೂ ಸರಿ ಹೋಗುತ್ತದೆ.

ನನ್ನ ಹಿಂದಿನ ಉದ್ಯೋಗವನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ಟೆಲಿಫೋನ್ ಆಪರೇಟರ್ ಆಗಿದ್ದವಳು. ಮೊದಲು ದೇವದುರ್ಗ, ಆಮೇಲೆ ಮಾನ್ವಿ, ಕೊನೆಗೆ ರಾಯಚೂರು. ಹತ್ತಿ ದಲಾಲರು, ಅಕ್ಕಿ ಮಿಲ್ಲಿನವರು, ಬೀಗರು, ಸಾಲಗಾರರು, ಎಲ್ಲರ ಮಾತೂ ನನ್ನ ಕೈಯಿಂದಲೇ ದಾಟಿ ಹೋಗುತ್ತಿತ್ತು. ಮನೆಯಲ್ಲಿ ಕೂತು ಉಣ್ಣುತ್ತಲೇ 'ಬಸ್ ಸ್ಟ್ಯಾಂಡಿನ್ಯಾಗ ಅದೀನಿ' ಎನ್ನುವವರ ದನಿ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಸಮಿತಿಗೆ ಯಾರಾಗಬೇಕೆಂಬ ಮಾತು ಬಂದಾಗ ಓಣಿಯವರೆಲ್ಲ ನನ್ನತ್ತ ಕೈ ತೋರಿಸಿದರು. "ಅಕ್ಕಾರ ಮುಂದ ಸುಳ್ಳು ನಡೆಯಂಗಿಲ್ರಿ" ಎಂದರು. ಕಿವಿಗೆ ಬಿದ್ದ ಸುಳ್ಳನ್ನು ನಾನು ಹಿಡಿಯಬಲ್ಲೆ, ಆದರೆ ಈ ಸುಳ್ಳು ಹೆಗಲ ಮೇಲೆ ಬಂದು ಕೂರುವಂಥದ್ದಾಗಿತ್ತು.

ಕರದ ಕಥೆ ಶುರುವಾದದ್ದು ಓಣಿಯ ಮಠದ ಅಂಗಳದಲ್ಲಿ ನಡೆದ ವಾರ್ಡ್ ಸಭೆಯಲ್ಲಿ. ಊರಿನ ಕಸ, ನೀರು, ದೀಪ ನೋಡಿಕೊಳ್ಳುವ ಕಚೇರಿಯಿಂದ ಒಬ್ಬ ಇಂಜಿನಿಯರ್ ಸಾಹೇಬರು ಬಂದಿದ್ದರು. ಆ ಕಚೇರಿಯ ಹೆಸರು ಬೇಡ, ನನಗೆ ಇದೇ ಊರಲ್ಲಿ ನೀರು ಕುಡಿದು ಬದುಕಬೇಕಿದೆ. ಮನೆ ತೆರಿಗೆಯ ಜೊತೆ ಇಷ್ಟು ಹೆಚ್ಚಿಗೆ ಕೊಡಲು ನೀವೇ ಒಪ್ಪಿದರೆ ಆ ದುಡ್ಡು ಬೇರೆಲ್ಲೂ ಹೋಗದೆ ನಿಮ್ಮ ಓಣಿಯ ಚರಂಡಿಗೇ ಬೀಳುತ್ತದೆ, ಅದನ್ನು ನೋಡಿಕೊಳ್ಳಲು ನಿಮ್ಮವರದೇ ಒಂದು ಉಸ್ತುವಾರಿ ಸಮಿತಿ ಇರುತ್ತದೆ ಎಂದು ಅವರು ಬಹಳ ಚೆನ್ನಾಗಿ ವಿವರಿಸಿದರು. ದುಡ್ಡು ಚರಂಡಿಗೆ ಬೀಳುತ್ತದೆ ಎಂದದ್ದನ್ನು ನಾವು ಒಳ್ಳೆಯ ಅರ್ಥದಲ್ಲೇ ತೆಗೆದುಕೊಂಡೆವು.

ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನನ್ನ ಎದುರು ಮನೆಯ ಟೇಲರ್. ಹುಟ್ಟಿದ ವರ್ಷವೇ ಪೋಲಿಯೋ ಆಗಿ ಅವಳ ಎರಡೂ ಕಾಲು ಹೋಗಿವೆ. ಮೂರು ಗಾಲಿಯ ಸ್ಕೂಟರೇ ಅವಳಿಗೆ ಕಾಲು. ಬಜಾರಿನಲ್ಲಿ ಬಾಡಿಗೆಗೆ ಹಿಡಿದ ಸಣ್ಣ ಅಂಗಡಿ, ಅದರಲ್ಲಿ ಹೊಲಿಗೆ ಮಷೀನು, ಮಷೀನಿಗಿಂತ ಚುರುಕಾದ ಅವಳ ಬಾಯಿ. ಮಳೆ ಬಂದರೆ ಗಟಾರದ ನೀರು ಅವಳ ಸ್ಕೂಟರಿನ ಬುಡಕ್ಕೇ ಬರುತ್ತಿತ್ತು. "ಕೊಟ್ಟೇವ್ ತಗೋರಿ, ಒಂದೆರಡು ರವಕಿ ಹೆಚ್ಚಿಗಿ ಹೊಲೀತೀನಿ" ಎಂದು ಕೂಗಿ ಕೈ ಎತ್ತಿದಳು. ಅವಳೇ ಎತ್ತಿದ ಮೇಲೆ ಉಳಿದವರು ಸುಮ್ಮನೆ ಕೂರುವುದು ಹೇಗೆ? ಅಂಗಳದ ತುಂಬ ಕೈಗಳಾದವು.

ಈಗ ಆ 'ಉಸ್ತುವಾರಿ' ಎಂಬ ಶಬ್ದದ ಬಗ್ಗೆ ಎರಡು ಮಾತು. ನಮ್ಮ ಜನಕ್ಕೆ ಈ ಶಬ್ದ ಒಂದೇ ಜಾಗದಲ್ಲಿ ಪರಿಚಯ, ಉಸ್ತುವಾರಿ ಸಚಿವರು. ಯಾವ ಪಕ್ಷ ಬರಲಿ, ಯಾರೇ ಆಗಲಿ, ಜಿಲ್ಲೆಗೊಬ್ಬರು ಇರುತ್ತಾರೆ. ಹಬ್ಬದ ದಿನ ಬರುತ್ತಾರೆ, ಧ್ವಜ ಹಾರಿಸುತ್ತಾರೆ, ಹಾರ ಹಾಕಿಸಿಕೊಳ್ಳುತ್ತಾರೆ, ಊಟ ಮಾಡಿ ಹೋಗುತ್ತಾರೆ. ಹೀಗಾಗಿ ಉಸ್ತುವಾರಿ ಎಂದರೆ ಇದೇ ಕೆಲಸ ಎಂದು ನಮ್ಮ ಸಮಿತಿಯೂ ನಂಬಿತು. ಅಧ್ಯಕ್ಷರಾದದ್ದು ಓಣಿಯ ಅಕ್ಕಿ ಮಿಲ್ಲಿನ ಸಾವುಕಾರರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಶರಣು, ಇರುವೆಯನ್ನೂ ತುಳಿಯದ ಜೀವ. ಅವರಿಗೆ ಇದ್ದದ್ದು ಒಂದೇ ದೌರ್ಬಲ್ಯ. ಮೈಕಿನಲ್ಲಿ ತಮ್ಮ ಹೆಸರು ಕೇಳಿದರೆ ಕಣ್ಣು ತಾನಾಗಿ ಮುಚ್ಚಿ ಕೊರಳು ತಾನಾಗಿ ಬಾಗುತ್ತಿತ್ತು.

ದೀಪಾವಳಿಯ ಹೊತ್ತಿಗೆ ಜೆಸಿಬಿ ಬಂದು ಓಣಿಯ ಎರಡೂ ಬದಿ ಅಗೆಯಿತು. ಭೂಮಿಪೂಜೆಯಲ್ಲಿ ನಮಗೆ ಮೊದಲ ಶಾಲು. ಅಗೆದದ್ದು ಮುಗಿದಾಗ ಎರಡನೆಯದು. ಆಮೇಲೆ ಜೆಸಿಬಿ ಹೋಯಿತು, ಕೆಲಸಗಾರರು ಹೋದರು, ಗುಂಡಿ ಮಾತ್ರ ಬಹಳ ನಿಷ್ಠೆಯಿಂದ ಉಳಿಯಿತು. ಕೇಳೋಣವೆಂದು ಕಚೇರಿಗೆ ಹೋದೆವು. ಇಂಜಿನಿಯರ್ ಸಾಹೇಬರು ಎದ್ದು ನಿಂತು "ಬರ್ರಿ ಬರ್ರಿ, ನಮ್ಮ ಉಸ್ತುವಾರಿ ಸಮಿತಿಯವ್ರು ಬಂದಾರ" ಎಂದರು, ಚಹಾ ತರಿಸಿದರು, ಕಪಾಟಿನಿಂದ ಶಾಲು ತೆಗೆದರು. ಆ ಕಚೇರಿಯಲ್ಲಿ ಸಿಮೆಂಟು ಇಲ್ಲದ ದಿನ ಇರಬಹುದು, ಶಾಲು ಇಲ್ಲದ ದಿನ ನಾನು ನೋಡಿಲ್ಲ. ಶಾಲು ಹೊದಿಸಿದವರ ಮುಖಕ್ಕೆ ಮುಖ ಕೊಟ್ಟು 'ಚರಂಡಿ ಮುಚ್ಚುವ ಸ್ಲ್ಯಾಬ್ ಎಲ್ಲಿ?' ಎಂದು ಕೇಳುವುದು ಎಷ್ಟು ಕಷ್ಟವೆಂದು ಹೊದ್ದವರಿಗೇ ಗೊತ್ತು. ನಾನೂ ಒಂದು ಸಲ ಬಾಯಿ ತೆರೆದೆ. ಅಷ್ಟರಲ್ಲಿ ಫೋಟೋದವನು "ಮೇಡಂ, ಸ್ವಲ್ಪ ನಗ್ರಿ" ಎಂದ. ನಕ್ಕೆ.

ಎಲ್ಲರ ಮನೆ ಮುಂದೆಯೂ ಗುಂಡಿ ಇತ್ತು. ನಾವು ಹಲಗೆ ಹಾಕಿಕೊಂಡು ದಾಟಿದೆವು. ಹಲಗೆಯ ಮೇಲೆ ಮೂರು ಗಾಲಿಯ ಸ್ಕೂಟರು ಹೋಗುವುದಿಲ್ಲ. ಟೇಲರ್ ಒಂದು ದಿನ ದಾಟಿ ನೋಡಿಯೂಬಿಟ್ಟಳು. ಹಲಗೆ ಲಟಕ್ಕೆಂದಿತು, ಹಿಂದಿನಿಂದ ನಾಲ್ಕು ಜನ ಹಿಡಿಯದಿದ್ದರೆ ಅವಳೂ ಸ್ಕೂಟರೂ ಕೆಳಗೆ. ಒಂದೆರಡು ಸಲ ಓಣಿಯ ಗಂಡಸರು ಅವಳನ್ನು ಕುರ್ಚಿ ಸಮೇತ ಎತ್ತಿ ದಾಟಿಸಿ ಆಟೋ ಹತ್ತಿಸಿದರು. ಆಮೇಲೆ ಅವಳೇ ಒಲ್ಲೆ ಎಂದಳು. "ಅಕ್ಕಾ, ನಾ ಏನ್ ಸಿಮೆಂಟಿನ ಚೀಲೇನು? ದಿನಾ ಬೆಳಗಾದ್ರ ಯಾರ್ ಖಾಲಿ ಅದಾರ ಅಂತ ಬಾಗಲಾಗ ಕುಂತು ದಾರಿ ನೋಡ್ಲೇನು?" ಎಂದಳು. ಹೀಗೆ ಅವಳು ಮನೆಯೊಳಗೇ ಉಳಿದಳು, ಅಂಗಡಿಗೆ ಬೀಗ ಬಿತ್ತು.

ಹೆಂಗಸರು ಗುಂಡಿಯ ಈಚೆ ನಿಂತು ಬ್ಲೌಸ್ ಪೀಸ್ ಎಸೆಯುತ್ತಿದ್ದರು. ಅವಳು ಬಾಗಿಲಲ್ಲಿ ಕೂತು "ತೋಳು ಎಷ್ಟಿಡ್ಲಿ? ಸೊಂಟ ಹೋದ ಸಲದ್ದ ಸಾಕೇನು?" ಎಂದು ಕೂಗುತ್ತಿದ್ದಳು. ಓಣಿಯ ಸೊಂಟಗಳೆಲ್ಲ ಬಹಿರಂಗವಾದವು. ನಾವು ನಕ್ಕೆವು, ಅವಳೂ ನಕ್ಕಳು. ಅದರಿಂದ ಹೊಟ್ಟೆ ತುಂಬುವಂತಿರಲಿಲ್ಲ. ಬಜಾರಿನ ಗಿರಾಕಿ ಓಣಿಗೆ ಬರುವುದಿಲ್ಲ. ಯುಗಾದಿಗೆ ಅಂಗಡಿ ತೆಗೆಯದಿದ್ದರೆ ಬೀಗದ ಕೈ ವಾಪಸ್ ಕೊಡು, ಮೊಬೈಲ್ ಕವರ್ ಮಾರುವವನು ಕಾಯುತ್ತಿದ್ದಾನೆ ಎಂದು ಅಂಗಡಿಯ ಮಾಲೀಕ ಹೇಳಿಕಳಿಸಿದ. ಆ ದಿನ ಅವಳು ನಗಲಿಲ್ಲ.

ಇದನ್ನು ನಾನು ಸಮಿತಿಯಲ್ಲಿ ಹೇಳಿದೆ. ಸಾವುಕಾರರಿಗೆ ನಿಜವಾಗಿಯೂ ಮರುಕವಾಯಿತು, ಕಣ್ಣಲ್ಲಿ ನೀರೂ ಬಂತು. ಅವರು ಇಂಜಿನಿಯರ್ ಸಾಹೇಬರಿಗೆ ಹೇಳಿದರು. ಸಾಹೇಬರಿಗೂ ಮರುಕವಾಯಿತು. ಇಷ್ಟೊಂದು ಮರುಕ ಒಟ್ಟಾದ ಮೇಲೆ ಏನಾದರೂ ಮಾಡಲೇಬೇಕಲ್ಲ? ಹಾಗಾಗಿ ನಮ್ಮನ್ನು ಅಧ್ಯಯನ ಪ್ರವಾಸಕ್ಕೆ ಕಳಿಸಿದರು. ದೇವದುರ್ಗ ಮತ್ತು ಮಾನ್ವಿಯಲ್ಲಿ ಚರಂಡಿ ಹೇಗೆ ಮುಚ್ಚಿದ್ದಾರೆಂದು ನೋಡಿ ಬರಬೇಕಂತೆ. ಗುಂಡಿ ಮುಚ್ಚುವುದು ಪರ ಊರಿಗೆ ಹೋಗಿ ಕಲಿಯಬೇಕಾದ ವಿದ್ಯೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಟೆಂಪೋ ಹೊರಟಿತು. ದೇವದುರ್ಗದಲ್ಲಿ ಅಲ್ಲಿಯ ಸಮಿತಿಯವರು ಹಾರ ಹಿಡಿದು ಕಾಯುತ್ತಿದ್ದರು. ಅವರಲ್ಲಿ ಅರ್ಧ ಜನರ ಅಪ್ಪಂದಿರ ದನಿ ನನಗೆ ಗೊತ್ತು. ಅವರ ಹಾರದಿಂದ ಹಿಡಿದು ನಮ್ಮವರ ಪೇಟದವರೆಗೆ ಎಲ್ಲದರ ಫೋಟೋ ಆಯಿತು. ಚರಂಡಿ ತೋರಿಸಿ ಎಂದೆ. "ಅಕ್ಕಾರ, ಬಿಸಲಾಗ ಯಾಕ್ ತ್ರಾಸು? ಭಾಷಣದಾಗ ಎಲ್ಲಾ ಹೇಳ್ತೀವಿ" ಎಂದರು. ದಾರಿ ಬಳಸಿ ಕವಿತಾಳದಲ್ಲಿ ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿಂದೆವು. ಇಡೀ ಪ್ರವಾಸದಲ್ಲಿ ಹೇಳಿದ ಹಾಗೆ ಸಿಕ್ಕ ವಸ್ತು ಅದೊಂದೇ. ಮಾನ್ವಿಯಲ್ಲಿ ಹೋಳಿಗೆ ತುಪ್ಪದ ಊಟ ಹಾಕಿದರು. ಊಟವಾದ ಮೇಲೆ ಮತ್ತೆ ಚರಂಡಿಯ ಮಾತೆತ್ತಿದೆ. ಅಲ್ಲಿಯ ಅಧ್ಯಕ್ಷರು ನಿಜವಾಗಿ ನೊಂದುಕೊಂಡು, "ಹೋಳಗಿ ಉಂಡು ಯಾರರ ಗಟಾರ ನೋಡ್ತಾರೇನ್ರಿ?" ಎಂದರು.

ಹೊರಡುವಾಗ ಎರಡೂ ಊರಿನವರು ಒಂದೇ ಮಾತು ಹೇಳಿದರು. "ನಿಮ್ಮ ಓಣ್ಯಾಗ ಕೆಲಸ ಭಾಳ ಚಂದ ಆಗ್ಯಾದಂತಲ್ರಿ, ನಾವೂ ನೋಡಾಕ ಬರ್ತೀವಿ." ನಮ್ಮ ಸಾವುಕಾರರು ಕಣ್ಣು ಮುಚ್ಚಿ, ಕೊರಳು ಬಾಗಿಸಿ, "ಅವಶ್ಯ ಬರ್ರಿ" ಎಂದುಬಿಟ್ಟರು.

ಅವರು ಬಂದೇಬಿಟ್ಟರು, ಯುಗಾದಿ ಇನ್ನೂ ಒಂದು ವಾರವಿರುವಾಗ. ಓಣಿಯಲ್ಲಿ ಶಾಮಿಯಾನ ಹಾಕಲು ಇದ್ದ ಖಾಲಿ ಜಾಗ ಟೇಲರ್ ಮನೆಗೆ ಹೊಂದಿಕೊಂಡ ಪ್ಲಾಟು ಒಂದೇ. ಅತಿಥಿಗಳ ಗಾಡಿ ಒಳಗೆ ಬರಬೇಕಲ್ಲ? ಶಾಮಿಯಾನದವನು ಟ್ರ್ಯಾಕ್ಟರಿನಲ್ಲಿ ದಪ್ಪನೆಯ ಕಬ್ಬಿಣದ ತಗಡು ತಂದು ಗುಂಡಿಯ ಮೇಲೆ ಹಾಸಿದ. ಅಗಲವಾದ ತಗಡು, ಟೇಲರಳ ಬಾಗಿಲ ಮುಂದಿನವರೆಗೂ ಬಂತು. ಉಳಿದ ಗುಂಡಿಯ ಉದ್ದಕ್ಕೂ ಬಣ್ಣದ ಪರದೆ ಕಟ್ಟಿದರು. ಪರದೆಯ ಮೇಲೆ 'ಮಾದರಿ ವಾರ್ಡಿಗೆ ಸ್ವಾಗತ' ಎಂಬ ಬ್ಯಾನರ್.

ತಗಡು ಬಿದ್ದ ಸದ್ದಿಗೆ ಟೇಲರ್ ಬಾಗಿಲು ತೆರೆದಳು. ಅದನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಸ್ಕೂಟರ್ ಒರೆಸಿ, ಅಂಗಡಿಯ ಬೀಗದ ಕೈ ಸೆರಗಿಗೆ ಕಟ್ಟಿಕೊಂಡು ಧಡಧಡ ಸದ್ದು ಮಾಡುತ್ತ ಹೊರಗೆ ಬಂದೇಬಿಟ್ಟಳು. "ಅಕ್ಕಾ, ಅಂಗಡಿ ತೆಗ್ಯಾಕ ಹೊಂಟೀನಿ!" ಎಂದು ಕೂಗಿದ ದನಿಗೆ ವೇದಿಕೆಯ ಮೈಕು ಪರೀಕ್ಷಿಸುತ್ತಿದ್ದವನೂ ತಿರುಗಿ ನೋಡಿದ. ನನಗೆ ಎಷ್ಟು ಖುಷಿಯಾಯಿತೆಂದರೆ, ತಗಡು ಬಾಡಿಗೆಯದು ಎಂಬುದೇ ತಲೆಗೆ ಹೊಳೆಯಲಿಲ್ಲ.

ಕಾರ್ಯಕ್ರಮ ಭರ್ಜರಿಯಾಗಿ ಆಯಿತು. ದೇವದುರ್ಗದವರು ಪರದೆಯನ್ನು ಮೆಚ್ಚಿದರು, ಮಾನ್ವಿಯವರು ಊಟವನ್ನು ಮೆಚ್ಚಿದರು. ಚರಂಡಿಯನ್ನು ಯಾರೂ ಕೇಳಲಿಲ್ಲ, ಅವರೂ ನಮ್ಮಂತೆಯೇ ಉಸ್ತುವಾರಿಯವರು. ಶಾಲು ಹೊದ್ದು, ಹೊದಿಸಿ, ಅವರವರ ಟೆಂಪೋ ಹತ್ತಿ ಹೋದರು. ಬಿಸಿಲು ಇಳಿಯುವಷ್ಟರಲ್ಲಿ ಶಾಮಿಯಾನದವನು ಬಟ್ಟೆ, ಕುರ್ಚಿ, ತಗಡು ಎಲ್ಲ ಟ್ರ್ಯಾಕ್ಟರಿಗೆ ಹೇರಿದ. ಅವನಿಗೆ ಗುಂಜಹಳ್ಳಿಯಲ್ಲಿ ಮದುವೆ ಚಪ್ಪರದ ಕೆಲಸವಿತ್ತಂತೆ.

ಆಗ ಓಣಿಯ ತಿರುವಿನಲ್ಲಿ ಅವಳ ಸ್ಕೂಟರ್ ಕಾಣಿಸಿತು. ಬಂದಳು, ಬಾಗಿಲ ಎದುರಿಗೆ ನಿಲ್ಲಿಸಿದಳು. ನಡುವೆ ಗುಂಡಿ. ಬೆಳಿಗ್ಗೆ ಹೊರಗೆ ಬಂದವಳು ಈಗ ತನ್ನ ಮನೆಗೇ ಹೋಗುವಂತಿಲ್ಲ. ನಾನು ಆಗಲೂ ಆ ಹಾಳು ಶಾಲನ್ನು ಹೊದ್ದೇ ನಿಂತಿದ್ದೆ, ನಾಚಿಕೆಯಿಂದ ತೆಗೆದು ಕಂಕುಳಿಗೆ ತುರುಕಿದೆ.

ಓಣಿಯ ಗಂಡಸರು ಎಂದಿನಂತೆ ಓಡಿ ಬಂದರು. "ಎತ್ತಿ ದಾಟಸ್ತೀವಿ ಇರವಾ" ಎಂದರು.

"ಮುಟ್ಟಬ್ಯಾಡ್ರಿ" ಎಂದಳು. ಸ್ಕೂಟರನ್ನು ಓಣಿಯ ನಡುಮಧ್ಯಕ್ಕೆ ಅಡ್ಡ ತಿರುಗಿಸಿ ಕೀಲಿ ತೆಗೆದುಬಿಟ್ಟಳು. ಎರಡೂ ಕಡೆ ಗುಂಡಿ, ನಡುವೆ ಅವಳು, ಹಿಂದೆ ಟ್ರ್ಯಾಕ್ಟರ್. ಇರುವೆಗೂ ದಾರಿಯಿಲ್ಲ.

ಟ್ರ್ಯಾಕ್ಟರಿನವನು ಇಳಿದು ಬಂದ. "ಯಕ್ಕಾ, ಸರೀಬೇ, ಮದುವಿ ಮನಿಯವ್ರು ಕಾಯಾಕತ್ತಾರ."

"ಆ ತಗಡು ಇಳಸಪಾ, ಸರೀತೀನಿ."

ಅವನು ತನ್ನ ಮಾಲೀಕನಿಗೆ ಫೋನು ಮಾಡಿದ, ಮಾಲೀಕ ಚರಂಡಿ ಕೆಲಸದ ಗುತ್ತಿಗೆದಾರನಿಗೆ, ಗುತ್ತಿಗೆದಾರ ಇಂಜಿನಿಯರ್ ಸಾಹೇಬರಿಗೆ. ಕೊನೆಗೆ ನನ್ನ ಮೊಬೈಲ್ ರಿಂಗಾಯಿತು. "ಮೇಡಂ, ನೀವು ಸಮಿತಿಯವ್ರು ಅಲ್ಲೇ ಅದೀರಲ್ಲ, ಆಕಿಗೆ ಸ್ವಲ್ಪ ತಿಳಿಸಿ ಹೇಳ್ರಿ. ಆಕಿಗೆ ಏನ್ ಬೇಕಂತ ಕೇಳ್ರಿ."

ನಾನು ಫೋನನ್ನು ಅವಳ ಕೈಗೇ ಕೊಟ್ಟೆ.

"ಸಾಹೇಬ್ರ, ನನಗ ನನ್ನ ಮನಿ ಬಾಗಲಾ ಬೇಕ್ರಿ" ಎಂದಳು. ಅಷ್ಟೇ. ಅತ್ತ ಕಡೆಯಿಂದ ಬಹಳ ಹೊತ್ತು ಮಾತು ಬಂತು, ಕೇಳಿಸಿಕೊಂಡಳು. ನಾನು ಟ್ರ್ಯಾಕ್ಟರಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಅವಳ ಪಕ್ಕದಲ್ಲಿ ಹಾಕಿಕೊಂಡು ಕೂತೆ. ಸಾವುಕಾರರು ಅತ್ತಿತ್ತ ನೋಡಿದರು, ಅವರೂ ಒಂದು ಕುರ್ಚಿ ಇಳಿಸಿಕೊಂಡರು. ಈ ಸಲ ಅವರ ಹೆಸರನ್ನು ಯಾವ ಮೈಕಿನಲ್ಲೂ ಕರೆದಿರಲಿಲ್ಲ. "ಇಲ್ರಿ ಸಾಹೇಬ್ರ, ಮೇಡಂ ಮಾತಾಡಂಗಿಲ್ಲ" ಎನ್ನುತ್ತಿದ್ದಳು ಟೇಲರ್. "ಅವರೂ ನನ್ನ ಜೋಡಿ ಕುಂತಾರ."

ತಗಡು ಇಳಿಯಿತು. ಅವಳು ಧಡಧಡ ದಾಟಿ ಮನೆಯೊಳಗೆ ಹೋದಳು. ಮರುದಿನ ಮಧ್ಯಾಹ್ನ ಸಿಮೆಂಟಿನ ಸ್ಲ್ಯಾಬ್ ಬಂತು, ಶಾಮಿಯಾನದವನು ತನ್ನ ತಗಡು ಒಯ್ದ. ಯುಗಾದಿಯ ದಿನ ಅವಳ ಅಂಗಡಿ ತೆರೆದೇ ಇತ್ತು, ಮೊಬೈಲ್ ಕವರಿನವನು ಬೇರೆ ಜಾಗ ಹುಡುಕಿಕೊಂಡನಂತೆ.

ಸ್ಲ್ಯಾಬ್ ಬಂದದ್ದು ಒಂದೇ. ಉಳಿದ ಮನೆಗಳ ಮುಂದೆ ಗುಂಡಿ ಇದ್ದ ಹಾಗೇ ಇತ್ತು. ಇಂಜಿನಿಯರ್ ಸಾಹೇಬರ ಬಳಿ ಹೋಗಿ, ಕರ ಕೊಟ್ಟದ್ದು ಇಡೀ ಓಣಿ, ಸ್ಲ್ಯಾಬ್ ಒಬ್ಬಳಿಗೇ ಏಕೆ ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ, ಸುಳ್ಳೂ ಹೇಳಲಿಲ್ಲ. ನನ್ನ ಪಳಗಿದ ಕಿವಿಗೆ ಅವರ ಬಾಯಿಂದ ಬಿದ್ದ ಮೊದಲ ಸತ್ಯ ಅದು.

"ಉಳಿದವ್ರು ಯಾರೂ ಕುಂತಿಲ್ಲಲ್ರಿ ಮೇಡಂ" ಎಂದರು.

ಅದನ್ನು ಹಾಗೇ ಓಣಿಗೆ ಬಂದು ಹೇಳಿದೆ. ಆವತ್ತಿನಿಂದ ನಮ್ಮಲ್ಲಿ ದಿನಕ್ಕೊಂದು ಮನೆಯವರು ರಸ್ತೆಯ ನಡುವೆ ಕೂರುತ್ತಿದ್ದಾರೆ, ಒಂದೊಂದೇ ಸ್ಲ್ಯಾಬ್ ಬರುತ್ತಿದೆ. ಇವತ್ತು ನಮ್ಮ ಮನೆಯ ಪಾಳಿ. ಇದನ್ನು ಅಲ್ಲಿಂದಲೇ ಬರೆಯುತ್ತಿದ್ದೇನೆ.