ಹೆಳವರ ಪುಸ್ತಕದಲ್ಲಿದ್ದ ಒಂದು ಹೆಸರು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾನು ತಪ್ಪದೆ ದಿನಚರಿ ಬರೆಯುವವಳು. ಆದರೆ ಸಿಟ್ಟು ಬಂದ ದಿನ ನನ್ನ ದಿನಚರಿ ಒಂದೆರಡು ಸಾಲಿಗೆ ನಿಂತುಬಿಡುತ್ತದೆ. ಆ ಬುಧವಾರದ ಪುಟದಲ್ಲಿ ಇರುವುದಿಷ್ಟೇ: ‘ಸಂಶಿಗೆ ಹೋಗಿ ಬಂದೆ. ಊಟ ಮಾಡಬಾರದಿತ್ತು.’ ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ ಎಂಬ ಅನುಮಾನ ನನಗಿದೆ.

ಅದು ಕೊರೋನಾ ಮುಗಿದ ಮರುವರ್ಷ. ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯಲ್ಲಿ ರೆಕಾರ್ಡ್ ರೂಮಿನ ಹೊಣೆ ನನ್ನದಾಗಿತ್ತು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹಳೆಯ ಜಮೀನಿನ ಕಾಗದ ಹುಡುಕಿ ನಕಲು ಕೊಡುವುದು ನನ್ನ ಕೆಲಸ. ಇತಿಹಾಸದಲ್ಲಿ ಎಂ.ಎ. ಮಾಡಿದ್ದರಿಂದಲೋ ಏನೋ, ಸೇರಿದ ಹೊಸದರಲ್ಲಿ ಒಬ್ಬ ಹಿರಿಯ ಗುಮಾಸ್ತರ ಕೈಯಲ್ಲಿ ಮರಾಠಿಯ ಮೋಡಿ ಲಿಪಿ ಕಲಿತಿದ್ದೆ. ಮುಂಬಯಿ ಸರ್ಕಾರದ ಕಾಲದಲ್ಲಿ ನಮ್ಮ ಕಡೆಯ ಕಂದಾಯದ ಬರವಣಿಗೆ ಬಹಳಷ್ಟು ಅಕ್ಷರ ಕೂಡಿಸಿ ಬರೆಯುವ ಆ ಲಿಪಿಯಲ್ಲೇ ನಡೆಯುತ್ತಿತ್ತು.

ಸ್ಕಾಟ್ಲೆಂಡಿನಿಂದ ಕಚೇರಿಗೆ ಒಂದು ಇಮೇಲ್ ಬಂತು. ತಹಶೀಲ್ದಾರರು ಅದರ ಪ್ರಿಂಟ್ ತೆಗೆಸಿ ನನ್ನ ಟೇಬಲ್ಲಿಗೆ ಕಳಿಸಿದರು. ಬರೆದವಳು ಇಸಬೆಲ್, ಎಪ್ಪತ್ತು ದಾಟಿದ ನಿವೃತ್ತ ನರ್ಸ್. ಅವಳ ಮುತ್ತಜ್ಜನ ಅಪ್ಪ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನ ಮೆಕ್ಯಾನಿಕ್ ಆಗಿ ನಮ್ಮ ಕಡೆ ಬಂದು, ಕೆಲವು ವರ್ಷ ಸಂಶಿಯಲ್ಲಿದ್ದು, ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ಸ್ಕಾಟ್ಲೆಂಡಿಗೆ ಮರಳಿದ್ದ. ತಾಯಿ ಇಲ್ಲೇ ಉಳಿದಳು. ಆ ಮಗನೇ ಇಸಬೆಲ್ಲಳ ಮುತ್ತಜ್ಜ. ಅವಳು ಕೇಳಿದ್ದು ಒಂದೇ: ಆ ತಾಯಿಯ ಹೆಸರೇನು?

ಸ್ಕಾಟ್ಲೆಂಡಿನ ದಾಖಲೆಗಳ ಬಗ್ಗೆ ನನಗೆ ಅಷ್ಟಾಗಿ ಗೊತ್ತಿರಲಿಲ್ಲ, ಅವಳೇ ವಿವರಿಸಿದಳು. ಅಲ್ಲಿನ ಮದುವೆ ಮತ್ತು ಮರಣದ ರಿಜಿಸ್ಟರುಗಳಲ್ಲಿ ತಾಯಿಯ ತವರಿನ ಹೆಸರಿಗೂ ಜಾಗವಿರುತ್ತದೆ. ಹಾಗಾಗಿ ಅಲ್ಲಿ ಹೆಣ್ಣಿನ ಕಡೆಯಿಂದಲೂ ವಂಶ ಹಿಡಿದು ಹಿಂದಕ್ಕೆ ನಡೆಯಬಹುದು. ಇಸಬೆಲ್ ಕಳಿಸಿದ ನಕಲುಗಳಲ್ಲಿ ಅಗಸಗಿತ್ತಿಯರಿಗೂ ಮೀನು ಮಾರುವವರಿಗೂ ಪೂರ್ತಿ ಹೆಸರಿತ್ತು. ಈ ಒಬ್ಬಳಿಗೆ ಮಾತ್ರ ಇರಲಿಲ್ಲ. ಹುಡುಗನ ಬ್ಯಾಪ್ಟಿಸಂ ದಾಖಲೆಯಲ್ಲಿ ಪಾದ್ರಿ ‘ಒಬ್ಬ ನೇಟಿವ್ ಹೆಂಗಸು’ ಎಂದು ಬರೆದಿದ್ದ. ಮುಂದೆ ಅವನ ಮದುವೆಯ ದಾಖಲೆಯಲ್ಲಿ ತಾಯಿಯ ಹೆಸರಿನ ಜಾಗದಲ್ಲಿ ಒಂದು ಗೀಟು. ಮರಣದ ದಾಖಲೆಯಲ್ಲಿ ‘ತಿಳಿದಿಲ್ಲ’. ಮೂರನೆಯ ನಕಲು ಓದುವಾಗ ನನ್ನ ಕಿವಿ ಬಿಸಿಯಾಗಿತ್ತು. ನಾಲ್ಕು ವರ್ಷದ ಮಗುವಿಗೆ ಅವ್ವನ ಹೆಸರು ಗೊತ್ತಿರಲಿಲ್ಲವೇ? ಕೇಳುವ ಮನಸ್ಸು ಯಾರಿಗೂ ಇರಲಿಲ್ಲ, ಅಷ್ಟೇ.

ಕಚೇರಿ ಮುಗಿದ ಮೇಲೆ ದಿನಕ್ಕೊಂದು ತಾಸು ಹುಡುಕಿದೆ. ಎರಡು ತಿಂಗಳಾಗಿರಬೇಕು, ದಿನಚರಿ ಮೂರು ಎನ್ನುತ್ತದೆ. ಕೊನೆಗೆ ಸಂಶಿಯ ಹಳೆಯ ಸರ್ವೆ ರಿಜಿಸ್ಟರಿನಲ್ಲಿ ಜಿನ್ನಿನ ಸಾಹೇಬನ ಹೆಸರಿಗೆ ಒಂದು ಹಿತ್ತಲು ಸಿಕ್ಕಿತು. ಷರಾ ಕಾಲಮ್ಮಿನಲ್ಲಿ ಮೋಡಿಯಲ್ಲಿ ಒಂದು ಸಾಲು: ‘ಇವನ ಮನೆಯಲ್ಲಿರುವವಳು ಚನ್ನಬಸನಗೌಡನ ಮಗಳು.’ ಇಲ್ಲೂ ಅಪ್ಪನಿಗೆ ಹೆಸರಿದೆ, ಮಗಳಿಗಿಲ್ಲ. ಅಪ್ಪನ ಹೆಸರಿನ ಮುಂದಿದ್ದ ಮನೆತನದ ಹೆಸರನ್ನು ನಾಲ್ಕು ಸಲ ಓದಿದೆ. ಅದು ನನ್ನ ತವರು ಮನೆಯದು.

ಇಲ್ಲಿ ನಾನು ಮಾಡಿದ ತಪ್ಪನ್ನು ಬರೆಯಬೇಕು. ನಮ್ಮ ಮನೆತನಕ್ಕೆ ಈಗ ಹಿರಿಯರೆಂದರೆ ನನ್ನ ಕಾಕಾ, ಅಪ್ಪನ ತಮ್ಮ. ಸಂಶಿಯಲ್ಲೇ ಇದ್ದಾರೆ, ನಿವೃತ್ತ ಹೆಡ್‌ಮಾಸ್ತರರು, ಎಂಬತ್ತರ ಮೇಲಿನ ವಯಸ್ಸು. ದಿನವೂ ಲಿಂಗಪೂಜೆ ಮುಗಿಸಿಯೇ ನೀರು ಕುಡಿಯುವವರು. ಮನೆಯ ವಿಷಯ ಹೊರಗೆ ಹೋಗುವ ಮುನ್ನ ಹಿರಿಯರ ಕಿವಿಗೆ ಹಾಕಬೇಕು ಎಂಬುದು ನಮ್ಮಲ್ಲಿ ರೂಢಿ. ನಾನು ಕಾಗದದ ನಕಲು ಹಿಡಿದುಕೊಂಡು ಮೊದಲು ಅವರ ಹತ್ತಿರವೇ ಹೋದೆ. ಅವರು ಕನ್ನಡಕ ಹಾಕಿಕೊಂಡು ಓದಿ, ಮಡಚಿ, ತಮ್ಮ ಕಿಸೆಯಲ್ಲೇ ಇಟ್ಟುಕೊಂಡರು. ಹೆಳವರು ಬರಲಿ, ಪುಸ್ತಕ ತೆಗೆಸೋಣ ಎಂದರು.

ಹೆಳವರೆಂದರೆ ನಮ್ಮ ಕಡೆ ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು, ಸುಗ್ಗಿ ಮುಗಿದ ಮೇಲೆ ಮನೆ ಮನೆಗೆ ಬಂದು ಓದಿ ಹೇಳಿ ಕಾಳು ಪಡೆಯುವವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಈಗ ಬೈಕಿನ ಮೇಲೆ. ನಮ್ಮ ಮನೆತನದ ಹೆಳವ ಬಸಪ್ಪ ಮೊರಬದಲ್ಲಿ ಬಿಡಾರ ಹೂಡಿದ್ದಾನೆಂದು ತಿಳಿದು ನಾನೇ ಬಸ್ಸು ಹತ್ತಿ ಹೋದೆ. ರಿಜಿಸ್ಟರಿನ ವಿಷಯ ಹೇಳಿದಾಗ ಅವನು ನಕ್ಕ.

“ಅಕ್ಕಾರ, ನಿಮ್ಮ ಆಫೀಸಿನ್ಯಾಗ ಇರೂದು ಹೊಲದ ಕತಿ. ನಮ್ಮ ಹಂತೇಕ ಇರೂದು ಹೊಟ್ಟೀ ಕತಿ. ಚನ್ನಬಸನಗೌಡಗ ಮೂರು ಗಂಡು, ಒಂದು ಹೆಣ್ಣು ಅಂತ ನಮ್ಮಪ್ಪ ಹೇಳ್ತಿದ್ದ. ಹೆಣ್ಣಿನ ಹೆಸರ ನಾವು ಬರಿಯೂದಿಲ್ಲ. ಆದ್ರ ಆಕೀದು ಬರದೈತಿ, ಆಕೀ ಅಪ್ಪ ಹೇಳಿ ಬರಿಸ್ಯಾನ.”

ಹೆಸರೇನು ಎಂದು ಕೇಳಿದೆ. ಅವನಿಗೆ ಬಾಯಿಪಾಠವಿರಲಿಲ್ಲ, ಪುಸ್ತಕ ನೋಡಬೇಕು ಎಂದ. ಪುಸ್ತಕ ಅಲ್ಲೇ ಕೆಂಪು ಬಟ್ಟೆಯ ಗಂಟಿನಲ್ಲಿತ್ತು, ನನ್ನಿಂದ ನಾಲ್ಕು ಮೊಳ ದೂರದಲ್ಲಿ. ಆದರೆ ಒಂದು ಮನೆಯ ಪುಸ್ತಕವನ್ನು ಆ ಮನೆಯ ಹೊಸ್ತಿಲಲ್ಲಿ, ಹಿರಿಯರ ಎದುರಿಗೇ ಬಿಚ್ಚಬೇಕು. ನಾನು ಆ ನಿಯಮವನ್ನು ಗೌರವಿಸಿ ಚಹಾ ಕುಡಿದು ಎದ್ದುಬಂದೆ. ಇವತ್ತಿಗೂ ಆ ಗೌರವ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಬಸಪ್ಪ ಹೇಳಿದ್ದನ್ನು ತಿಳಿಸಿ ಪುಸ್ತಕ ತೆಗೆಸಿರಿ ಎಂದಾಗ ಕಾಕಾ ಮೊದಲು ಶ್ರಾವಣ ಮುಗಿಯಲಿ ಎಂದರು, ಆಮೇಲೆ ದೀಪಾವಳಿ ಎಂದರು. ಅಷ್ಟರಲ್ಲಿ ಇಸಬೆಲ್ ಟಿಕೆಟ್ ತೆಗೆದುಕೊಂಡು ಬಂದೇಬಿಟ್ಟಳು. ಮೊಣಕಾಲು ನೋವಿನವಳು, ಕೋಲು ಹಿಡಿದು ನಡೆಯುತ್ತಿದ್ದಳು. ಆ ಬುಧವಾರ ಅವಳನ್ನು ಸಂಶಿಗೆ ಕರೆದುಕೊಂಡು ಹೋದೆ. ಕಾಕಾ ಸಡಗರದಿಂದ ಬರಮಾಡಿಕೊಂಡರು. ಹೋಳಿಗೆ ಊಟ ಹಾಕಿಸಿದರು, ಮನೆಯ ಹೆಂಗಸರಿಂದ ಇಳಕಲ್ ಸೀರೆ ಉಡಿಸಿ ಉಡಿ ತುಂಬಿಸಿದರು. ಆಮೇಲೆ ಬಸಪ್ಪನನ್ನು ಹೊಸ್ತಿಲ ಮುಂದೆ ಕೂರಿಸಿ ಪುಸ್ತಕ ತೆಗೆಸಿದರು.

ಅವನು ತಲೆ ಎತ್ತದೆ ಓದಿದ. ಚನ್ನಬಸನಗೌಡಗೆ ಮೂರು ಗಂಡು. ಮೂವರ ಹೆಸರಾದವು. ಮುಂದಿನ ತಲೆಮಾರು ಶುರುವಾಯಿತು.

ಇಸಬೆಲ್ ನನ್ನ ಮುಖ ನೋಡಿದಳು. ಕಾಕಾ ನಿಧಾನವಾಗಿ ಹೇಳಿದರು: “ನಮ್ಮ ಮನ್ಯಾಗ ಅಂಥಾ ಹೆಣ್ಣುಮಗಳು ಇರಲಿಲ್ಲಂತ ಹೇಳವ್ವ ಅವರಿಗೆ.”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ತಿದ್ದಲಿಲ್ಲ, ತಡವರಿಸಲೂ ಇಲ್ಲ. ಎಪ್ಪತ್ತು ದಾಟಿದ ಆ ಹೆಂಗಸು ಕಾಕಾನಿಗೆ ಕೈಮುಗಿದು, ತೊಂದರೆ ಕೊಟ್ಟೆ, ಕ್ಷಮಿಸಿ ಎಂದಳು. ಅದನ್ನೂ ನಾನೇ ಕನ್ನಡಕ್ಕೆ ತಂದೆ.

ಅವಳನ್ನು ಕಾರಿನಲ್ಲಿ ಕೂರಿಸಿ, ಬೈಕಿಗೆ ಗಂಟು ಕಟ್ಟುತ್ತಿದ್ದ ಬಸಪ್ಪನ ಹತ್ತಿರ ಹೋದೆ. ಅವನು ಓದುವಾಗಲೇ ಕಂಡಿದ್ದೆ, ಪುಸ್ತಕದ ಹಾಳೆ ಹೊಸದಾಗಿತ್ತು, ಅಕ್ಷರ ಬಾಲ್‌ಪೆನ್ನಿನದು. ಕೇಳಿದಾಗ ತಿಳಿಯಿತು, ದೀಪಾವಳಿಗೆ ಮೊದಲು ಕಾಕಾ ಅವನನ್ನು ಕರೆಸಿಕೊಂಡಿದ್ದರು. ಹಳೆಯದು ಜೀರ್ಣವಾಗಿದೆ, ಹೊಸ ಹಾಳೆಗೆ ಇಳಿಸು ಎಂದು ತಾವೇ ಕುಳಿತು ಓದಿ ಬರೆಸಿದ್ದರು. ಜೀರ್ಣವಾದ ಹಾಳೆಯನ್ನು ನೀರಿಗೆ ಬಿಡುವುದು ಹೆಳವರ ಪದ್ಧತಿ.

“ಗೌಡ್ರು ಓದಿದ್ರು, ನಾ ಬರದ್ನಿ. ಅವರು ಓದಿದಷ್ಟ ಬರದ್ನಿ. ಹಳೇದು ಬೆಣ್ಣಿಹಳ್ಳಕ್ಕ ಬಿಟ್ಟೇನ್ರಿ,” ಎಂದ. ನನ್ನ ಕಣ್ಣು ತಪ್ಪಿಸಿ ಬೈಕಿಗೆ ಕಿಕ್ ಹೊಡೆದ.

ಒಳಗೆ ಹೋದೆ. ಕಾಕಾ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅವರ ಮೊಮ್ಮಗಳ ಮದುವೆ ನಿಶ್ಚಯ ಮುಂದಿನ ತಿಂಗಳಿತ್ತು, ಅದು ನನಗೂ ಗೊತ್ತಿತ್ತು. ಹೆಸರು ಯಾಕೆ ಬಿಟ್ಟಿರಿ ಎಂದು ಕೇಳಿದ್ದಕ್ಕೆ ಅವರು ಸಿಟ್ಟಾಗಲಿಲ್ಲ. ಶಾಲೆಯಲ್ಲಿ ದಡ್ಡ ಹುಡುಗನಿಗೆ ಹೇಳುವ ದನಿಯಲ್ಲಿ ಹೇಳಿದರು: “ಸರೋಜಾ, ಸರ್ಕಾರದ ಉಪ್ಪು ತಿಂದು ತಿಂದು ಮನೀ ಉಪ್ಪು ಮರತಿ ನೀ. ಸಾಹೇಬನ ಹಿಂದ ಹೋದಾಕಿ ಆಕಿ. ಸ್ವತಃ ಆಕೀ ಅಪ್ಪ ಆಕೀನ್ನ ಹೊರಗ ಹಾಕಿದ್ದ. ನಾ ಏನ ಹೊಸದಾಗಿ ಮಾಡೇನಿ?”

ಹೊರಗೆ ಹಾಕಿದ ಅಪ್ಪನೂ ಹೆಳವನಿಂದ ಹೆಸರು ಬರೆಸಿದ್ದ, ಕಾಕಾ. ಈ ಮಾತು ನನಗೆ ಹೊಳೆದದ್ದು ವಾಪಸು ಬರುವಾಗ ಕಾರಿನಲ್ಲಿ.

ಧಾರವಾಡ ಮುಟ್ಟುವ ಮೊದಲೇ ಇಸಬೆಲ್ಲಳಿಗೆ ನಿಜ ಹೇಳಿದೆ. ಕಾರಿನಲ್ಲೇ ಹೇಳಿದೆ ಎಂದು ನೆನಪು. ಆದರೆ ನಾನು ಕಳಿಸಿದ ಮೇಲ್‌ಗಳಲ್ಲಿ ಎಲ್ಲವನ್ನೂ ವಿವರಿಸಿ ಬರೆದದ್ದು ಹನ್ನೊಂದು ದಿನದ ನಂತರದ ತಾರೀಖಿನಲ್ಲಿದೆ. ಹೇಳಿಯೇ ಆಗಿದ್ದರೆ ಅಷ್ಟುದ್ದ ಯಾಕೆ ಬರೆದೆ? ಬಹುಶಃ ಕಾರಿನಲ್ಲಿ ನಾನು ಸುಮ್ಮನಿದ್ದೆ. ಅವಳ ಉತ್ತರ ಚಿಕ್ಕದು. ಮನೆತನ ಗೊತ್ತಾಯಿತು, ಕೃತಜ್ಞಳಾಗಿದ್ದೇನೆ. ಹೆಸರು ಸಿಕ್ಕರೆ ಬೇಗ ತಿಳಿಸಿ, ನನಗೆ ವಯಸ್ಸಾಗುತ್ತಿದೆ.

ಮೂವತ್ತಕ್ಕೂ ಹೆಚ್ಚು ವರ್ಷ ನಾನು ರೆಕಾರ್ಡ್ ರೂಮುಗಳಲ್ಲಿ ಗೆದ್ದಲಿಗೆ ಔಷಧಿ ಹೊಡೆಸಿದ್ದೇನೆ, ಸೋರುವ ಛಾವಣಿಗೆ ತಾಡಪಾಲು ಹೊದಿಸಿದ್ದೇನೆ. ಗೆದ್ದಲು ತಿಂದ ಹಾಳೆಯಲ್ಲಿ ಅರ್ಧ ಅಕ್ಷರವಾದರೂ ಉಳಿದಿರುತ್ತದೆ. ಮರ್ಯಾದಸ್ಥರು ನೋಡಿ ನಕಲು ಮಾಡಿಸಿದ ಹಾಳೆ ಎಷ್ಟು ಸ್ವಚ್ಛವಾಗಿರುತ್ತದೆಂದರೆ ಅದರಲ್ಲಿ ಹುಡುಕಲು ಏನೂ ಇರುವುದಿಲ್ಲ. ದಾಖಲೆ ಕಾಣಿಸಿದರೆ ಮೊದಲು ನಕಲು ತೆಗೆ, ಅನುಮತಿ ಆಮೇಲೆ ಕೇಳು: ಈ ಪಾಠವನ್ನು ನನ್ನ ಕೆಲಸ ಕಲಿಸಿತು, ನಾನು ಕಲಿಯುವಾಗ ತಡವಾಗಿತ್ತು.

ಹೋದ ತಿಂಗಳು ಮತ್ತೆ ಸಂಶಿಗೆ ಹೋಗಿದ್ದೆ. ಕಾಕಾ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದರು. ಬಾಜುಕ್ಕೆ ಕುಳಿತು ಕೇಳಿದೆ: “ಕಾಕಾ, ಬಸಪ್ಪಗ ಓದಿ ಹೇಳೂವಾಗ ಆ ಹೆಸರ ಬಿಟ್ಟು ಓದೀರಿ. ಬಿಡಬೇಕಂದ್ರ ಒಮ್ಮೆ ಅದನ್ನ ನೋಡೇ ಇರ್ತೀರಿ. ಏನಿತ್ರಿ ಆಕೀ ಹೆಸರ?”