ಎಕ್ಸ್‌ಚೇಂಜ್ ಅಕ್ಕನ ಸೀರೆ ತುಂಡು

ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಲು ಒಂದು ಹಳೆಯ ಬಟ್ಟೆ ಬೇಕಿತ್ತು. ಅಲಮಾರಿಯ ಕೆಳಖಾನೆಯಲ್ಲಿ ಕೈಯಾಡಿಸುತ್ತಿದ್ದಾಗ ಸಿಕ್ಕಿದ್ದು ನೂಲಿನ ಸೀರೆಯದೊಂದು ತುಂಡು. ನಾಲ್ಕು ಮೂಲೆಗೂ ಲಾಡಿ ಹೊಲಿದಿತ್ತು. ಮೂಗಿಗೆ ಹಿಡಿದೆ. ಬಿಸಿಯಾದ ಧೂಳಿನ ವಾಸನೆ... ಬಳ್ಳಾರಿಯ ಕೆಂಪು ಧೂಳು ಕಂಪ್ಯೂಟರಿನ ಫ್ಯಾನಿನಲ್ಲಿ ತಿರುಗಿ ತಿರುಗಿ ಕಾದಾಗ ಬರುವ ವಾಸನೆ. ಭರಣಿ ಹಾಗೇ ಉಳಿಯಿತು. ನಾನು ನೆಲದ ಮೇಲೆ ಕುಳಿತುಬಿಟ್ಟೆ.

ಪಾರ್ವತಿನಗರದಲ್ಲಿ ನಾವು ಬಾಡಿಗೆಗಿರುವ ಈ ವಠಾರದಲ್ಲಿ ಪಕ್ಕದ ಮನೆಯಲ್ಲಿದ್ದವರ ಸೀರೆ ಅದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು, ಒಂಟಿ ಜೀವ. ವಠಾರಕ್ಕೆಲ್ಲ ಎಕ್ಸ್‌ಚೇಂಜ್ ಅಕ್ಕ. ಕನ್ನಡ, ತೆಲುಗು, ಉರ್ದು ಮೂರರಲ್ಲೂ "ಸ್ವಲ್ಪ ಲೈನಿನಲ್ಲಿರಿ" ಅನ್ನುವುದನ್ನು ಎಷ್ಟು ಚೆಂದ ಹೇಳುತ್ತಿದ್ದರೆಂದರೆ, ಬಾಗಿಲಿಗೆ ಬಂದ ತರಕಾರಿಯವನೂ ತಕರಾರಿಲ್ಲದೆ ಕಾಯುತ್ತಿದ್ದ. ವಠಾರದ ಯಾರ ಸುದ್ದಿಯನ್ನೂ ಯಾರಿಗೂ ಹೇಳುತ್ತಿರಲಿಲ್ಲ. ನನ್ನದೋ ಬಾಯಿ ತುರಿಸುವ ಜಾತಿ. ಮೊದಮೊದಲು ಇವರ ಜೊತೆ ಮಾತೇ ಸಾಗುವುದಿಲ್ಲವಲ್ಲ ಎಂದು ಸಿಟ್ಟು ಬರುತ್ತಿತ್ತು.

ನಾನು ಖಾಸಗಿ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್. ಅದಕ್ಕೇ ಇರಬೇಕು, ಒಂದು ಭಾನುವಾರ ಒಳಗೆ ಕರೆದರು. ಉಳ್ಳಾಗಡ್ಡಿ ಹೆಚ್ಚುತ್ತಾ ಕುಳಿತಿದ್ದರು.

"ಟೀಚರ, ಯಾರು ಯಾರ ಜೋಡಿ ಮಾತಾಡ್ತಾರ ಅಂತ ಯಾರಿಗೂ ಗೊತ್ತಾಗದಂಥ ಜಾಲ ಒಂದೈತಂತಲ್ಲ? ಅದಕ್ಕ ಮಂದಿ ತಮ್ಮ ಮನಿ ಕಂಪ್ಯೂಟರ್ ಕೊಡ್ತಾರಂತ. ಪೇಪರಿನಾಗ ಓದಿದೆ."

ಹೆಸರು ಕೇಳಿದ್ದೆ, ಅಷ್ಟೆ. ಹುಡುಕಿ ಓದಿಕೊಂಡು ಬಂದು ನನಗೆ ತಿಳಿದ ಹಾಗೆ ಹೇಳಿದೆ. ಕಳಿಸುವವರ ಸಂದೇಶದ ಮೇಲೆ ಒಂದರ ಮೇಲೊಂದು ಲಕೋಟೆ ಇರುತ್ತದೆ. ನಡುದಾರಿಯ ಒಂದೊಂದು ಕಂಪ್ಯೂಟರೂ ಒಂದೇ ಲಕೋಟೆ ಬಿಚ್ಚಿ, ಮುಂದಿನದಕ್ಕೆ ದಾಟಿಸುತ್ತದೆ. ಎಲ್ಲಿಂದ ಹೊರಟಿತು, ಕೊನೆಗೆ ಎಲ್ಲಿಗೆ ಮುಟ್ಟಿತು, ಎರಡೂ ಯಾವುದಕ್ಕೂ ಒಟ್ಟಿಗೆ ಗೊತ್ತಾಗುವುದಿಲ್ಲ.

"ಉಳ್ಳಾಗಡ್ಡಿ ಸಿಪ್ಪಿ ಇದ್ದಂಗ," ಎಂದರು. ಆಮೇಲೆ ಈಳಿಗೆ ಬದಿಗಿಟ್ಟು, "ನಡುವ ಕುಂತಾಕಿಗೆ ಗೊತ್ತಾಗಂಗಿಲ್ಲ. ಖರೇನ?" ಎಂದು ಕೇಳಿದರು. ನಾನು ಹೌದೆಂದೆ. ಅವರ ಕಣ್ಣಿನಲ್ಲಿ ನೀರಿತ್ತು. ಉಳ್ಳಾಗಡ್ಡಿಯದೇ ಅಂದುಕೊಂಡೆ.

ಅಂತೂ ಹಳೆಯ ಕಂಪ್ಯೂಟರ್ ಒಂದನ್ನು ಇಬ್ಬರೂ ಸೇರಿ ಸಜ್ಜು ಮಾಡಿದೆವು. ಪಾಠದ ಪುಸ್ತಕ ಬಿಟ್ಟು ಬೇರೆ ಮಾಡಿ ಗೊತ್ತಿರದ ನಾನು ಬೆವತುಹೋದೆ. ಮಾಡುವುದು, ಕೆಡಿಸುವುದು, ಮತ್ತೆ ಮಾಡುವುದು. ಕೊನೆಗೆ ಯಂತ್ರಕ್ಕೆ ಬೀಗದ ಪಾಸ್‌ವರ್ಡ್ ಕೊಡುವ ಹೊತ್ತು ಬಂತು. ಆರಿಸಿ ಮತ್ತೆ ಹಚ್ಚಿದಾಗಲೆಲ್ಲ ಅದು ಕೇಳುತ್ತದೆ, ಕೊಡದಿದ್ದರೆ ಒಳಗೆ ಬಿಡುವುದೇ ಇಲ್ಲ.

"ಟೀಚರ, ಸ್ವಲ್ಪ ಆ ಕಡಿ ಮಾರಿ ಮಾಡ್ರಿ," ಎಂದರು ಅಕ್ಕ.

ನನಗೆ ಉರಿದುಹೋಯಿತು. ಅಷ್ಟು ದಿನ ಕಷ್ಟಪಟ್ಟವಳು ನಾನು, ಈಗ ನಾನೇ ಕಳ್ಳಿಯೇ? "ನನ್ನ ಮ್ಯಾಲೆ ನಂಬಿಕಿ ಇಲ್ಲೇನ್ರಿ ಅಕ್ಕಾರ?" ಎಂದು ಕೇಳಿಯೇಬಿಟ್ಟೆ.

"ನಿಮ್ಮ ಮ್ಯಾಲೆ ಐತ್ರಿ. ಆದ್ರ ನಿಮ್ಮನ್ನ ಕೇಳಾಕ ಬರೋರ ಮ್ಯಾಲೆ ಇಲ್ಲ. ಗೊತ್ತಿಲ್ಲದಿದ್ರ ಹೇಳಾಕ ಬರಂಗಿಲ್ಲ, ನೋಡ್ರಿ."

ನಾನು ಗೋಡೆಯ ಕಡೆ ತಿರುಗಿ ಮುಖ ಊದಿಸಿಕೊಂಡು ನಿಂತೆ.

ಹೊಸ ಯಂತ್ರವನ್ನು ಆ ಜಾಲ ಕೂಡಲೇ ನಂಬುವುದಿಲ್ಲ. ಮೊದಲ ಕೆಲವು ದಿನ ಏನೂ ಹಾಯ್ದುಹೋಗಲಿಲ್ಲ. ಅಕ್ಕ ಊಟದ ತಾಟನ್ನು ಅದರ ಮುಂದೆಯೇ ಇಟ್ಟುಕೊಂಡು ಕಾಯುತ್ತಿದ್ದರು. "ಯಾರೂ ಬರವಲ್ಲರು, ಟೀಚರ," ಎಂದು ಸಪ್ಪಗೆ ಹೇಳುತ್ತಿದ್ದರು. ಒಂದು ಮಧ್ಯಾಹ್ನ ಪರದೆಯ ಮೇಲೆ ಸಂಚಾರ ತೋರಿಸುವ ಗೆರೆ ಏರತೊಡಗಿತು. ಯಾರದು, ಎಲ್ಲಿಯದು, ಒಂದೂ ಗೊತ್ತಿಲ್ಲ. ಯಾರೋ ಹಾದು ಹೋಗುತ್ತಿದ್ದಾರೆ ಎಂಬುದಷ್ಟೇ ಗೊತ್ತು. ಆವತ್ತು ಅಕ್ಕ ನನಗೆ ಸಿಹಿ ಸಜ್ಜಕ ಮಾಡಿ ಕೊಟ್ಟರು.

ತಕರಾರು ಬರಲು ತಡವಾಗಲಿಲ್ಲ. ನಮ್ಮ ವಠಾರಕ್ಕೆಲ್ಲ ಇದ್ದದ್ದು ಒಂದೇ ಇಂಟರ್ನೆಟ್ ಲೈನು, ಓನರ್ ಹೆಸರಿನದು. ಇಂಥ ಯಂತ್ರ ಇರುವ ಲೈನೆಂದರೆ ಕೆಲವು ವೆಬ್‌ಸೈಟುಗಳಿಗೆ ಅನುಮಾನ. ಓನರ್ ಬ್ಯಾಂಕಿನ ಪುಟ ತೆರೆಯಲು ಹೋದರೆ ತೆರೆಯಲೊಲ್ಲದು. ಲುಂಗಿ ಎತ್ತಿಕಟ್ಟಿಕೊಂಡು ಬಂದರು.

"ಏನ್ ಮಾಡಾಕತ್ತೀರವ್ವಾ ನೀವು ಅದರಾಗ? ಯಾವನರ ಕಳ್ಳ ಸುಳ್ಳ ಅದನ್ನ ಬಳಸಿದ್ರ? ಪೊಲೀಸ್ರು ನನ್ನ ಮನಿಗೇ ಬರ್ತಾರ!"

"ಟ್ರಂಕ್ ಕಾಲಿನಾಗೂ ಕಳ್ಳರು ಮಾತಾಡ್ತಿದ್ರು, ಅಣ್ಣಾರ. ಅದಕ್ಕಂತ ಎಕ್ಸ್‌ಚೇಂಜ್ ಮುಚ್ಚಿದ್ರೇನು? ನಾ ನನ್ನ ಹೆಸರಿಲೆ ಬ್ಯಾರೆ ಲೈನ್ ತಗೋತೀನಿ. ಬಂದ್ರ ನನ್ನ ಕೇಳ್ಲಿ."

ತೆಗೆದುಕೊಂಡರು ಕೂಡ. ಯಂತ್ರಕ್ಕೆಂದೇ ಇನ್ವರ್ಟರ್ ಕೂಡಿಸಿದರು. ಕುಡತಿನಿಯಲ್ಲಿ ಹುಟ್ಟುವ ಕರೆಂಟು ಇಲ್ಲೇ ಪಕ್ಕದ ನಮ್ಮ ಮನೆಗಳಿಗೆ ಇರದ ಏಪ್ರಿಲ್ ಮಧ್ಯಾಹ್ನಗಳಲ್ಲಿ ತಮ್ಮ ತಲೆಯ ಮೇಲಿನ ಫ್ಯಾನ್ ಆರಿಸಿ ಯಂತ್ರವನ್ನು ಉಳಿಸುತ್ತಿದ್ದರು. ಬಳ್ಳಾರಿಯ ಬಿಸಿಲಿನಲ್ಲಿ! ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕುಳಿತಿರುವುದನ್ನು ನೋಡಿ ನನಗೆ ರೇಗಿಹೋಗುತ್ತಿತ್ತು. ಧೂಳು ಒಳಗೆ ಹೋಗದಿರಲೆಂದು ತಮ್ಮ ಸೀರೆಯ ತುಂಡಿಗೆ ಲಾಡಿ ಹೊಲಿದು ಗಾಳಿಕಿಂಡಿಗೆ ಕಟ್ಟಿದ್ದರು. ಶುಕ್ರವಾರಕ್ಕೊಮ್ಮೆ ದೇವರ ಬಟ್ಟೆಯ ಜೊತೆಗೇ ಅದನ್ನೂ ಒಗೆಯುತ್ತಿದ್ದರು.

ಅಂಥದ್ದೊಂದು ಮಧ್ಯಾಹ್ನ ನಾನು ಕೂಗಾಡಿಬಿಟ್ಟೆ. "ಯಾರಿಗೋಸ್ಕರ ರೀ ಅಕ್ಕಾರ ಇದು? ಗುರುತಿಲ್ಲ ಪರಿಚಯ ಇಲ್ಲ, ಯಾರೋ ಎಲ್ಲೋ..."

ಅಕ್ಕ ಗಾಳಿ ಹಾಕಿಕೊಳ್ಳುತ್ತಿದ್ದ ಸೆರಗನ್ನು ಮಡಿಲಿಗೆ ಬಿಟ್ಟರು. ಆಮೇಲೆ ಹೇಳಿದರು.

ಅವರು ಹೊಸದಾಗಿ ಕೆಲಸಕ್ಕೆ ಸೇರಿ ಸಿರುಗುಪ್ಪದ ಎಕ್ಸ್‌ಚೇಂಜಿನಲ್ಲಿದ್ದ ಕಾಲ. ಕರೂರಿನ ಒಬ್ಬ ಹುಡುಗಿ ಕೇರಿಯ ಹುಡುಗನನ್ನು ಮದುವೆಯಾಗಿ ಊರು ಬಿಟ್ಟಿದ್ದಳು. ಅವಳ ತಾಯಿ ಸಂತೆಯ ದಿನ ಸಿರುಗುಪ್ಪಕ್ಕೆ ಬಂದು, ಒಂದು ಅಕ್ಕಿ ಗಿರಣಿಯ ಫೋನಿನ ಹತ್ತಿರ ಕೂತಿರುತ್ತಿದ್ದಳು. ಮಗಳ ಕರೆಯನ್ನು ಜೋಡಿಸಿ ಕೊಡುತ್ತಿದ್ದದ್ದು ಅಕ್ಕ. ಒಂದು ದಿನ ಹುಡುಗಿಯ ದೊಡ್ಡಪ್ಪ ಎಕ್ಸ್‌ಚೇಂಜಿಗೆ ಬಂದ. ಜೋರು ಮಾಡಲಿಲ್ಲ. "ನಮ್ಮ ಮಗಳು ತಪ್ಪಿಸಿಕೊಂಡಾಳ, ತಂಗೀ. ಅಕಿ ತಾಯಿ ಅನ್ನ ಬಿಟ್ಟಾಳ. ಎಲ್ಲಿಂದ ಮಾತಾಡ್ತಾಳ, ಅಷ್ಟು ಹೇಳಿಬಿಡವ್ವಾ," ಎಂದು ಕೈ ಮುಗಿದ. ಅಕ್ಕನಿಗೆ ಪಾಪ ಅನ್ನಿಸಿತು.

"ಕುರುಗೋಡು ಅಂದೆ, ಟೀಚರ. ಒಂದಾ ಮಾತು."

ಆಮೇಲೆ ಆ ಹುಡುಗಿಯ ಕರೆ ಬರಲಿಲ್ಲ. ಅವಳನ್ನು ಕುರುಗೋಡಿನಿಂದ ಗಾಡಿಯಲ್ಲಿ ಕರೆದೊಯ್ದರಂತೆ. ಎಲ್ಲಿಗೆ, ಏನಾಯಿತು... ಯಾರೂ ಬಾಯಿ ಬಿಡಲಿಲ್ಲ. ತಾಯಿಗೂ ಹೇಳಿರಲಿಲ್ಲ. ಸಂತೆಯ ದಿನ ಬಂತೆಂದರೆ ಗಿರಣಿಯ ಫೋನಿನಿಂದ ಆ ತಾಯಿ ಎಕ್ಸ್‌ಚೇಂಜಿಗೆ ಕೇಳುತ್ತಿದ್ದಳು: "ಇವತ್ತೂ ಇಲ್ಲೇನವ್ವಾ?"

"ಇಲ್ಲವ್ವಾ ಅಂತಿದ್ದೆ. ವರ್ಗ ಮಾಡಿಸ್ಕೊಂಡು ಬಳ್ಳಾರಿಗೆ ಬರೋ ತನಕ ಅದನ್ನ ಅಂದೆ. ನನಗ ಗೊತ್ತಿರಬಾರದಿತ್ತು ಟೀಚರ. ಗೊತ್ತಿದ್ದುದಕ್ಕ ಹೇಳಿದೆ." ಯಂತ್ರದ ಕಡೆ ಕೈ ತೋರಿಸಿದರು. "ಇದಕ್ಕ ಗೊತ್ತಿಲ್ಲ. ಯಾರು ಕೈ ಮುಗಿದ್ರೂ ಹೇಳಾಕ ಬರಂಗಿಲ್ಲ. ನಾ ಇರಲಿ ಬಿಡಲಿ, ಇದನ್ನ ಆರಸಬ್ಯಾಡ್ರಿ."

ನನಗೆ ಅಳು ಬಂತು. ಎದ್ದು ಹೋಗಿ ಅವರಿಗೆ ಗಾಳಿ ಹಾಕುತ್ತ ಕುಳಿತೆ.

ಆಮೇಲಿನ ಬೇಸಿಗೆಯಲ್ಲಿ ನಾನು ನಾದಿನಿಯ ಮನೆಗೆಂದು ಸಿರುಗುಪ್ಪಕ್ಕೆ ಹೋಗಿದ್ದೆ. ಅಕ್ಕ ಬೆಳಗಿನ ಪೂಜೆಗೆ ಕೂತವರು ಹಾಗೇ ಒರಗಿದರೆಂದು ಫೋನು ಬಂತು. ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಭತ್ತದ ಗದ್ದೆಗಳು, ಒಂದೂ ಕಣ್ಣಿಗೆ ಬೀಳಲಿಲ್ಲ.

ಅಂಗಳದಲ್ಲಿ ಮಲಗಿಸಿದ್ದರು. ಮುಖ ಶಾಂತವಾಗಿತ್ತು. ಅತ್ತು ಮುಗಿಸಿ ಒಳಗೆ ಹೋದೆ, ಅವರ ಮಾತು ನೆನಪಾಗಿ. ಕೋಣೆ ಮೌನವಾಗಿತ್ತು. ಫ್ಯಾನಿನ ಸದ್ದಿಲ್ಲ, ದೀಪವಿಲ್ಲ. ಇನ್ವರ್ಟರಿನ ಸ್ವಿಚ್ಚೂ ಕೆಳಗಿತ್ತು.

ಓನರ್ ಹೆಂಡತಿ ಹಿಂದೆಯೇ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಅತ್ತು ಅತ್ತು ಅವರ ಕಣ್ಣೂ ಊದಿತ್ತು. "ಸತ್ತ ಮನ್ಯಾಗ ಟೀವಿ ಗೀವಿ ಹಚ್ಚಬಾರದಲ್ಲ, ಟೀಚರ. ನಮ್ಮ ಮನ್ಯಾಗೂ ಆರಿಸೀವಿ. ಇಲ್ಲಿದು ಉರಿಯಾಕತ್ತಿತ್ತು, ನಾನಾ ಬಂದ್ ಮಾಡಿದೆ."

ಸೂತಕದ ಮನೆಯಲ್ಲಿ ಸದ್ದು ಮಾಡುವುದೆಲ್ಲವನ್ನೂ ಆರಿಸುವುದು ನಮ್ಮಲ್ಲಿ ಸತ್ತವರಿಗೆ ಕೊಡುವ ಮರ್ಯಾದೆ. ಅಕ್ಕನ ಮೇಲಿನ ಪ್ರೀತಿಯಿಂದಲೇ ಆರಿಸಿದ್ದರು. ಅವರ ಕೈ ಹಿಡಿದುಕೊಂಡು ಅಂಗಳಕ್ಕೆ ಬಂದೆ.

ಮಣ್ಣು ಮಾಡಿ ಬಂದ ಮೇಲೆ ಗುಂಡಿ ಒತ್ತಿದೆ. ಯಂತ್ರ ಎದ್ದು ಪಾಸ್‌ವರ್ಡ್ ಕೇಳಿತು. ಕುರುಗೋಡು ಎಂದು ಬರೆದೆ, ಆಗಲಿಲ್ಲ. ಕರೂರು ಎಂದು ಬರೆದೆ, ಅದೂ ಅಲ್ಲ. ಆಮೇಲೆ ಕೈ ತೆಗೆದೆ. ನನ್ನ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿದವರು ಅವರೇ ಅಲ್ಲವೇ... ಗೊತ್ತಿಲ್ಲದಿದ್ದರೆ ಹೇಳಲು ಬರುವುದಿಲ್ಲ. ಯಂತ್ರಕ್ಕೂ ಹೇಳಲು ಬರಲಿಲ್ಲ ನನಗೆ.

ಅವರ ಕಡೆಯ ಸಂಬಂಧಿಕರು ಬಂದು ಮನೆ ಖಾಲಿ ಮಾಡಿದರು. ಕಂಪ್ಯೂಟರ್ ಗುಜರಿಗೆ ಹೋಯಿತು. ಗಾಳಿಕಿಂಡಿಗೆ ಕಟ್ಟಿದ್ದ ಬಟ್ಟೆಯನ್ನು ನಾನು ಮೊದಲೇ ಬಿಚ್ಚಿಟ್ಟುಕೊಂಡಿದ್ದೆ.

ಈಗ ಅದನ್ನು ಒಗೆದು ಹಾಕಿದ್ದೇನೆ. ಕೆಂಪು ಹೋಗಿಲ್ಲ, ಹೋಗುವುದೂ ಇಲ್ಲ. ಆ ಯಂತ್ರ ಆರಿದ ಗಳಿಗೆಯಲ್ಲಿ ಅದರೊಳಗೆ ಯಾರ ಮಾತು ದಾಟುತ್ತಿತ್ತೋ. ಒಂದು ನಿಂತರೆ ಜಾಲ ಇನ್ನೊಂದರ ಮೂಲಕ ದಾರಿ ಮಾಡಿಕೊಳ್ಳುತ್ತದೆಂದು ಅಕ್ಕನಿಗೆ ನಾನೇ ಹೇಳಿಕೊಟ್ಟಿದ್ದೆ, ನಿಜವೇ ಇರಬೇಕು. ಅದು ನಿಂತಿತೆಂದು ಎಲ್ಲಿಂದಲೂ ಯಾರೂ ವಿಚಾರಿಸಲಿಲ್ಲ. ಯಾರಿಗೂ ಅಕ್ಕ ಯಾರೆಂದೇ ಗೊತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದೂ ಅದೇ. ನನಗೆ ಮಾತ್ರ ಗೊತ್ತಿತ್ತಲ್ಲ... ಬಟ್ಟೆ ಒಣಗುವ ತಂತಿಯ ಕೆಳಗೆ ನಿಂತು, ಬೀಗ ಹಾಕಿದ ಪಕ್ಕದ ಬಾಗಿಲಿನ ಕಡೆ ನೋಡಿ, "ಇವತ್ತೂ ಇಲ್ಲೇನ್ರಿ ಅಕ್ಕಾರ?" ಎಂದೆ.