ಬೀಜಕ್ಕೆ ಬಿಟ್ಟ ಕಾಯಿ

ಬೀಜದಂಗಡಿಯವನು ಕಾಲು ಕಿಲೋಗಿಂತ ಕಡಿಮೆ ತೂಗುವವನಲ್ಲ. ಬಾಲ್ಕನಿಯಲ್ಲಿ ಎರಡು ಕುಂಡ ಇಟ್ಟುಕೊಂಡವರು ಕಾಲು ಕಿಲೋ ಹೀರೇಬೀಜ ಕೊಂಡು ಏನು ಮಾಡಬೇಕು, ದಿಂಬಿಗೆ ತುಂಬಬೇಕೆ? ಅದಕ್ಕೇ ಆ ಬೀದಿಯವರೆಲ್ಲ ಚಿಟಿಕೆ ಸಬ್ಬಸಿಗೆಗೆ, ನಾಲ್ಕು ಕಾಳು ಹೀರೆಗೆ ಬೀಜದಕ್ಕನ ಬಾಗಿಲು ತಟ್ಟುತ್ತಿದ್ದರು.

ಬೀಜದಕ್ಕ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚಿ ಕಣ್ಣು ಸವೆಸಿದವಳು. ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲ, ಗಂಡನ ತಂಗಿಯೊಬ್ಬಳು ಜೊತೆಗಿದ್ದಳು. ಖಾಲಿ ಗುಂಡಿಡಬ್ಬಿಗಳಲ್ಲಿ ಕೊತ್ತಂಬರಿ, ಬದನೆ, ದಂಟು ಎಲ್ಲ ಇದ್ದವು. ಆದರೆ ಜೀವ ಇದ್ದದ್ದು ಹೀರೆಯ ಮೇಲೆ. ಮದುವೆಯಾಗಿ ಹೊರಟಾಗ ತಾಯಿ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಟ್ಟ ಬೀಜ ಅದು. ಮೋಟು ಕಾಯಿ, ಕಹಿ ಅನ್ನುವುದೇ ಇಲ್ಲ. ತಾಯಿ ತೀರಿಕೊಂಡು ತವರುಮನೆಯೂ ಕೈಬಿಟ್ಟು ಹೋಗಿತ್ತು, ಒಂದು ಫೋಟೊ ಕೂಡ ಇರಲಿಲ್ಲ. ತಾಯಿಯದೆಂದು ಉಳಿದದ್ದು ಟೆರೇಸಿನ ಆ ಬಳ್ಳಿಯೊಂದೇ.

ವರ್ಷಕ್ಕೊಂದು ಕಾಯಿಯನ್ನು ಅವಳು ಬೀಜಕ್ಕೆ ಬಿಡುತ್ತಿದ್ದಳು. ಅದು ಬಳ್ಳಿಯಲ್ಲೇ ಒಣಗಿ ಗಲಗಲ ಅಂದಮೇಲೆ ಕಿತ್ತು, ತನಗೆ ಬೇಕಾದಷ್ಟು ಬಿತ್ತಿ, ಮಿಕ್ಕದ್ದನ್ನೆಲ್ಲ ಹಂಚಿಬಿಡುವಳು. ಡಬ್ಬಿಯಲ್ಲಿ ಕೂತ ಬೀಜ ಸತ್ತಂತೆ ಅನ್ನುವಳು. ಆ ಪುಣ್ಯಾತ್ಗಿತ್ತಿ ನಾಲ್ಕು ಕಾಳು ತೆಗೆದಿಟ್ಟಿದ್ದರೆ ಈ ಕತೆ ಹೇಳುವ ಕೆಲಸವೇ ಇರುತ್ತಿರಲಿಲ್ಲ.

ಆ ವರ್ಷ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದಳು. ಬಳ್ಳಿಗೆ ನೀರು ಹಾಕುವಂತೆ ನಾದಿನಿಗೆ ಹೇಳಿದ್ದಳು. ಕಾಯಿಯ ಮಾತು ಎತ್ತಿರಲಿಲ್ಲ. ವರ್ಷಾನುವರ್ಷ ಜೊತೆಗಿದ್ದವಳಿಗೆ ಅದನ್ನೂ ಹೇಳಬೇಕೆ? ಆದರೆ ನಾದಿನಿ ಒಂದು ದಿನವೂ ಮಣ್ಣು ಮುಟ್ಟಿದವಳಲ್ಲ.

ಒಂದು ಬೆಳಿಗ್ಗೆ ನಾದಿನಿ ಮಂಚದ ಪಕ್ಕ ಬಿಸಿನೀರಿಟ್ಟು, ಚೀಲದಿಂದ ಮೈ ಉಜ್ಜುವ ಬೆಳ್ಳನೆಯ ನಾರೊಂದನ್ನು ತೆಗೆದಳು.

"ಬಳ್ಳೀಲಿ ಒಂದು ಕಾಯಿ ಒಣಗಿ ಹೋಗಿತ್ತು ಅತ್ತಿಗೆ. ಹಾಳಾಗುತ್ತಲ್ಲ ಅಂತ ಸಿಪ್ಪೆ ಸುಲಿದೆ. ಕುಟ್ಟಿ ಕುಟ್ಟಿ ಬೀಜ ಎಲ್ಲಾ ಉದುರಿಸಿ ಕಸದ ಗಾಡಿಗೆ ಹಾಕಿದೀನಿ, ಒಂದೂ ಉಳಿಸಿಲ್ಲ. ನಿಮ್ಮ ಮೈಗೆ ಚುಚ್ಚಬಾರದಲ್ಲ."

ಬೀಜದಕ್ಕ ಆ ನಾರನ್ನೇ ನೋಡಿದಳು. ಬೈಯೋಣವೆಂದರೆ, ನಾದಿನಿ ಅಷ್ಟು ಅಕ್ಕರೆಯಿಂದ ಬೆನ್ನು ಉಜ್ಜುತ್ತಿದ್ದಾಳೆ. ಗೋಡೆಗೆ ಮುಖ ಮಾಡಿ ಅತ್ತಳು. ನೋವಾಯಿತೇನೋ ಎಂದು ನಾದಿನಿ ಕೈ ಹಗುರ ಮಾಡಿದಳು.

ಮನೆಗೆ ಬಂದಾಗ ಉಳಿದ ಕಾಯಿಗಳನ್ನೆಲ್ಲ ಎಳೆಯದರಲ್ಲೇ ಕಿತ್ತಾಗಿತ್ತು, ಬಳ್ಳಿ ಒಣಗಿತ್ತು. ಕೋಲೂರಿಕೊಂಡು, ತಾನು ಬೀಜ ಕೊಟ್ಟ ಮನೆಗಳಿಗೇ ಕೇಳಲು ಹೋದಳು. ದರ್ಜಿಯ ಮನೆಯಲ್ಲಿ ಎಲ್ಲವನ್ನೂ ಎಳೆಯದಿರುವಾಗಲೇ ತಿಂದಿದ್ದರು. ಹಾಲಿನವಳ ಮನೆಯಲ್ಲೂ ಅದೇ. ಮೇಷ್ಟ್ರ ಹೆಂಡತಿಯಂತೂ ಬೀಜದಕ್ಕ ಇರುವಾಗ ನಾವ್ಯಾಕೆ ಕಾಯಿ ಬಲಿಸೋದು ಅಂತ ನಕ್ಕಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಎದುರು ಮನೆಯ ಬೀಜಕ್ಕೂ ಅದೇ ಗತಿ. ಲೈನ್‌ಮನ್ ಮನೆಯ ಬಳ್ಳಿಯಲ್ಲಿ ಒಂದೇ ಒಂದು ಕಾಯಿ ಇತ್ತು, ಪೂರ್ತಿ ಬಲಿತಿರಲಿಲ್ಲ. ಅದು ಬಲಿಯುವ ಮೊದಲೇ ಬಳ್ಳಿ ಸತ್ತಿತು. ಅದರ ಬೀಜವನ್ನೇ ಒಣಗಿಸಿ ಬಿತ್ತಿದಳು, ದಿನಾ ಕೋಲೂರಿಕೊಂಡು ಮೆಟ್ಟಿಲು ಹತ್ತಿ ನೋಡಿದಳು. ಬೀಜ ಮಣ್ಣಲ್ಲೇ ಕೊಳೆಯಿತು.

ಬಿತ್ತನೆಯ ಕಾಲಕ್ಕೆ ಮತ್ತೆ ಬಾಗಿಲು ಸದ್ದಾಯಿತು. ಹೀರೇಬೀಜ ಇಲ್ಲ ಅಂದಳು. ಯಾರೂ ನಂಬಲಿಲ್ಲ. ಬಿದ್ದೆದ್ದ ಮೇಲೆ ಅಕ್ಕನ ಕೈ ಬಿಗಿಯಾಯಿತು ಎಂದು ಬೀದಿಯಲ್ಲಿ ಮಾತಾಯಿತು. ನಿಜ ಹೇಳಿದರೆ ಹೆಸರು ಉಳಿಯುತ್ತಿತ್ತು, ನಾದಿನಿಯ ಮುಖ ಕೆಡುತ್ತಿತ್ತು. ಹೇಳಲಿಲ್ಲ. ಬರಬರುತ್ತ ಸಬ್ಬಸಿಗೆಗೂ ಯಾರೂ ಬರಲಿಲ್ಲ.

ಒಂದು ದಿನ ನಾದಿನಿ ಬಚ್ಚಲಿನ ಮೊಳೆಯಿಂದ ಆ ನಾರನ್ನು ತೆಗೆದು ತೋರಿಸಿದಳು. ಸವೆದು ಅಂಗೈಯಗಲ ಆಗಿತ್ತು. ಅತ್ತಿಗೆ ಮನೆಗೆ ಬಂದಮೇಲೆ ಅವಳು ಟೆರೇಸು ಹತ್ತಿದ್ದೇ ಇಲ್ಲ.

"ಇದು ಮುಗೀತು ಅತ್ತಿಗೆ. ಈ ಸಲಾನೂ ಒಂದು ಕಾಯಿ ಒಣಗಕ್ಕೆ ಬಿಡಿ, ಚೆನ್ನಾಗಿ ಉಜ್ಜುತ್ತೆ."

"ಆಗಲಿ" ಅಂದಳು ಬೀಜದಕ್ಕ.